ಡಾಂಬರು ರಸ್ತೆಗೂ ವಯಸ್ಸಾಗುತ್ತದೆ

ರಸ್ತೆಯಲ್ಲಿ ಗುಂಡಿ ಬಿದ್ದರೆ ನಾವು ನಗರಸಭೆಯನ್ನೋ ಲೋಕೋಪಯೋಗಿ ಇಲಾಖೆಯನ್ನೋ ದೂರುತ್ತೇವೆ. ಅಮೆರಿಕದ ಅನೇಕ ಬಡಾವಣೆಗಳಲ್ಲಿ ಹೀಗೆ ದೂರಲು ಬೇರೆ ಯಾರೂ ಇಲ್ಲ. ಅಲ್ಲಿನ ಒಳರಸ್ತೆಗಳು, ವಾಹನ ನಿಲುಗಡೆಯ ಅಂಗಳಗಳು ಮನೆಮಾಲೀಕರ ಸಂಘದ ಸ್ವತ್ತು. ಅವುಗಳ ದುರಸ್ತಿಯ ಖರ್ಚನ್ನು ಮನೆಯವರೇ ಹಂಚಿಕೊಳ್ಳಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಹಲವರು ಇಂತಹ ಸಂಘಗಳ ಸದಸ್ಯರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೂ ಈ ಹೊಣೆ ಹೊಸದಲ್ಲ. ರಸ್ತೆ ಯಾವಾಗ, ಏಕೆ ಕೆಡುತ್ತದೆ ಎಂಬುದು ಇಲ್ಲಿ ನೇರವಾಗಿ ಜೇಬಿಗೆ ಸಂಬಂಧಿಸಿದ ಪ್ರಶ್ನೆ. ಅದರ ಉತ್ತರ ಭೌತವಿಜ್ಞಾನದಲ್ಲಿದೆ.

ಘನವೋ? ದ್ರವವೋ?

ಡಾಂಬರು ರಸ್ತೆ ಎಂದು ನಾವು ಕರೆಯುವುದರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 95 ಭಾಗ ಜಲ್ಲಿ, ಮರಳು ಮತ್ತು ಕಲ್ಲುಪುಡಿ. ಉಳಿದ ಸುಮಾರು 5 ಭಾಗ ಮಾತ್ರ ಇವನ್ನು ಹಿಡಿದಿಡುವ ಅಂಟು. ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ನೇ ಈ ಅಂಟು. ಭಾರವನ್ನು ಹೊರುವುದು ಕಲ್ಲು; ಕಲ್ಲುಗಳನ್ನು ಒಂದಾಗಿ ನಿಲ್ಲಿಸುವುದು ಬಿಟುಮೆನ್.

ಬಿಟುಮೆನ್ನಿನ ಸ್ವಭಾವ ವಿಚಿತ್ರ. ತಣ್ಣಗಿರುವ ತುಂಡಿಗೆ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ. ಅದೇ ತುಂಡಿನ ಮೇಲೆ ನಾಣ್ಯವಿಟ್ಟು ಕೆಲವು ದಿನ ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ನಾಣ್ಯ ನಿಧಾನವಾಗಿ ಒಳಗಿಳಿಯುತ್ತದೆ. ಬಲ ಕ್ಷಣಮಾತ್ರ ಬಿದ್ದಾಗ ಘನದಂತೆ, ದೀರ್ಘಕಾಲ ಬಿದ್ದಾಗ ದ್ರವದಂತೆ ಅದು ವರ್ತಿಸುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಆರಂಭಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಬಿಟುಮೆನ್‌ನಂತೆಯೇ ಕಾಣುವ ಪಿಚ್ ಎಂಬ ಪದಾರ್ಥವನ್ನು ಅವರು ಆಲಿಕೆಯಲ್ಲಿ ತುಂಬಿಟ್ಟರು. 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದ ಮೇಲೆ 2014ರವರೆಗೆ ಬಿದ್ದದ್ದು ಕೇವಲ ಒಂಬತ್ತು ಹನಿ. ಅದರ ಸ್ನಿಗ್ಧತೆ ನೀರಿಗಿಂತ ಸುಮಾರು 2.3 × 10¹¹ ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಲಾಗಿದೆ.

ನಿಲುಗಡೆಯ ಅಂಗಳದ ಒಂದು ಸಮಸ್ಯೆಗೆ ಇದೇ ಕಾರಣ. ಓಡುವ ವಾಹನದ ಭಾರ ಒಂದು ಬಿಂದುವಿನ ಮೇಲೆ ಕ್ಷಣದ ಸಣ್ಣ ಭಾಗದಷ್ಟು ಕಾಲ ಮಾತ್ರ ಇರುತ್ತದೆ. ನಿಂತ ವಾಹನದ ಭಾರ ದಿನವಿಡೀ ಇರುತ್ತದೆ. ಕಪ್ಪು ಮೈ ಬಿಸಿಲನ್ನು ಹೆಚ್ಚಾಗಿ ಹೀರುವುದರಿಂದ ಬೇಸಿಗೆಯಲ್ಲಿ ಅದರ ತಾಪ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆಗ ಸ್ನಿಗ್ಧತೆ ಕುಸಿಯುತ್ತದೆ. ಮೋಟಾರ್‌ಸೈಕಲ್ಲಿನ ಸ್ಟ್ಯಾಂಡ್ ನೆಲದೊಳಗೆ ಹೂತುಹೋಗುವುದು ಇದರಿಂದಲೇ. ಅಮೆರಿಕದಲ್ಲಿ ಬಿಟುಮೆನ್ನಿನ ದರ್ಜೆಯನ್ನು ತಾಪದಿಂದಲೇ ಗುರುತಿಸುತ್ತಾರೆ. ‘ಪಿಜಿ 64-22’ ಎಂದರೆ ರಸ್ತೆಯ ತಾಪ 64 ಡಿಗ್ರಿಗೆ ಏರಿದರೂ, ಸೊನ್ನೆಗಿಂತ 22 ಡಿಗ್ರಿ ಕೆಳಗೆ ಇಳಿದರೂ ತಾಳಿಕೊಳ್ಳಬಲ್ಲದ್ದು ಎಂದರ್ಥ.

ವಯಸ್ಸಾಗುವ ಬಗೆ

ಹೊಸ ರಸ್ತೆ ಕಡುಕಪ್ಪು, ಹಳೆಯದು ಬೂದುಬಣ್ಣ. ಈ ಬದಲಾವಣೆ ಬರೀ ಧೂಳಿನದಲ್ಲ. ಬಿಟುಮೆನ್‌ನಲ್ಲಿ ಆಸ್ಫಾಲ್ಟೀನ್ ಎಂಬ ಭಾರವಾದ ಅಣುಗಳ ಗೊಂಚಲುಗಳು ಎಣ್ಣೆಯಂತಹ ಹಗುರ ಅಣುಗಳ ನಡುವೆ ಹರಡಿಕೊಂಡಿರುತ್ತವೆ. ಗಾಳಿಯ ಆಕ್ಸಿಜನ್ ಈ ಅಣುಗಳೊಡನೆ ಸೇರಿದಂತೆ ಅವುಗಳಲ್ಲಿ ಧ್ರುವೀಯ ಗುಂಪುಗಳು ಹುಟ್ಟುತ್ತವೆ. ಧ್ರುವೀಯ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುವುದರಿಂದ ಅಂಟು ಗಡುಸಾಗುತ್ತದೆ. ಬಿಸಿಲು ಈ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ಎಳೆದರೆ ಹಿಗ್ಗುತ್ತಿದ್ದ ಅಂಟು ಈಗ ಬಿರಿಯುತ್ತದೆ. ಮೇಲ್ಮೈಯ ಮರಳು, ಕಲ್ಲು ಉದುರಲು ಆರಂಭಿಸುತ್ತವೆ.

ಚಳಿಗಾಲದಲ್ಲಿ ರಸ್ತೆ ಕುಗ್ಗಲು ಹವಣಿಸುತ್ತದೆ. ಆದರೆ ಕೆಳಪದರ ಅದನ್ನು ಹಿಡಿದಿಟ್ಟಿರುತ್ತದೆ. ಒಳಗೆ ಕರ್ಷಣ ಬಲ ಹೆಚ್ಚಿ ಗಡುಸಾದ ಅಂಟು ಅಡ್ಡಲಾಗಿ ಬಿರುಕು ಬಿಡುತ್ತದೆ. ಇನ್ನು ನಿಜವಾದ ಶತ್ರುವಿನ ಪ್ರವೇಶ: ಅದು ನೀರು. ಕಿರಿದಾದ ಬಿರುಕಿನೊಳಕ್ಕೆ ಲೋಮನಾಳ ಕ್ರಿಯೆಯಿಂದಲೂ ನೀರು ಇಳಿಯುತ್ತದೆ. ಕಲ್ಲು ಮತ್ತು ಅಂಟಿನ ನಡುವಿನ ಬೆಸುಗೆಯನ್ನು ಬಿಡಿಸುತ್ತದೆ. ತಳದ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಚಳಿ ಪ್ರದೇಶಗಳಲ್ಲಿ ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು 9 ಶೇಕಡಾ ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಕರಗಿದಾಗ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಅದರ ಮೇಲೆ ಚಕ್ರ ಹಾದರೆ ಗುಂಡಿ ಸಿದ್ಧ.

ನಿಲುಗಡೆಯಲ್ಲಿ ಮತ್ತೊಂದು ತೊಂದರೆಯೂ ಇದೆ. ವಾಹನದಿಂದ ತೊಟ್ಟಿಕ್ಕುವ ಎಂಜಿನ್ ಎಣ್ಣೆಯೂ ಬಿಟುಮೆನ್ನೂ ಒಂದೇ ಕಚ್ಚಾ ತೈಲದ ಮಕ್ಕಳು. ಆದ್ದರಿಂದ ಎಣ್ಣೆ ಬಿದ್ದ ಕಡೆ ಅಂಟು ಕರಗಿ ನೆಲ ಮೆತ್ತಗಾಗುತ್ತದೆ.

ಕಸದ ಲಾರಿಯ ಲೆಕ್ಕ

ಬಡಾವಣೆಯಲ್ಲಿ ದಿನವೂ ನೂರಾರು ಕಾರುಗಳು ಓಡುತ್ತವೆ. ಕಸದ ಲಾರಿ ವಾರಕ್ಕೆ ಒಂದೆರಡು ಬಾರಿ ಬರುತ್ತದೆ. ರಸ್ತೆಯನ್ನು ಹೆಚ್ಚು ಸವೆಸುವುದು ಯಾವುದು? 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ ಪ್ರಯೋಗಕ್ಕೆಂದೇ ರಸ್ತೆಗಳನ್ನು ನಿರ್ಮಿಸಿ, ಅವುಗಳ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಿ ಪರೀಕ್ಷಿಸಲಾಯಿತು. ಒಂದು ಅಚ್ಚು ರಸ್ತೆಗೆ ಮಾಡುವ ಹಾನಿ ಅದರ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮ ಅದರಿಂದ ಮೂಡಿತು.

ಇದರಂತೆ ಅಚ್ಚಿನ ಭಾರ ಎರಡರಷ್ಟಾದರೆ ಹಾನಿ 2 × 2 × 2 × 2, ಅಂದರೆ 16 ಪಟ್ಟು. ಲಾರಿಯ ಅಚ್ಚಿನ ಭಾರ ಕಾರಿನದರ ಹತ್ತರಷ್ಟಿದ್ದರೆ ಹಾನಿ 10,000 ಪಟ್ಟು! ನಿಯಮ ಅಂದಾಜಿನದಾದರೂ ದಿಕ್ಕು ಸ್ಪಷ್ಟವಾಗಿದೆ. ಒಂದೇ ಬಡಾವಣೆಗೆ ಮೂರು ಕಂಪನಿಗಳ ಕಸದ ಲಾರಿಗಳು ಬರುವ ಬದಲು ಒಂದೇ ಕಂಪನಿಗೆ ಗುತ್ತಿಗೆ ಕೊಟ್ಟರೆ ಖರ್ಚಿಲ್ಲದೆ ರಸ್ತೆಯ ಆಯುಷ್ಯ ಹೆಚ್ಚುತ್ತದೆ. ಕಸದ ತೊಟ್ಟಿ ಇಡುವ ಜಾಗಕ್ಕೆ ಆಸ್ಫಾಲ್ಟಿನ ಬದಲು ಕಾಂಕ್ರೀಟ್ ಹಾಕುವುದೂ ಇದೇ ಕಾರಣಕ್ಕೆ.

ಸಕಾಲದ ಆರೈಕೆ

ಆರೈಕೆಯ ಮೊದಲ ಸೂತ್ರ ನೀರನ್ನು ದೂರವಿಡುವುದು. ನೆಲಕ್ಕೆ 1ರಿಂದ 2 ಶೇಕಡಾ ಇಳಿಜಾರು ಇದ್ದು, ಚರಂಡಿಗಳು ಕಟ್ಟಿಕೊಳ್ಳದಂತಿದ್ದರೆ ಅರ್ಧ ಕೆಲಸ ಆದಂತೆ. ಮಳೆ ನಿಂತ ಮೇಲೆ ಒಂದು ಸುತ್ತು ಹಾಕಿ, ನೀರು ಎಲ್ಲೆಲ್ಲಿ ನಿಂತಿದೆ ಎಂದು ಗುರುತು ಮಾಡಿಕೊಳ್ಳುವುದು ಅತ್ಯಂತ ಅಗ್ಗದ ತಪಾಸಣೆ.

ಎರಡನೆಯದು ಬಿರುಕು ಮುಚ್ಚುವುದು. ಬಿರುಕಿನ ಹುಲ್ಲು, ಮಣ್ಣು ತೆಗೆದು, ಒಣಗಿಸಿ, ರಬ್ಬರ್ ಬೆರೆತ ಬಿಸಿ ಬಿಟುಮೆನ್ ಸುರಿಯುತ್ತಾರೆ. ಬಿರುಕು ಚಳಿಯಲ್ಲಿ ಅಗಲವಾಗಿ, ಬಿಸಿಲಿನಲ್ಲಿ ಕಿರಿದಾಗುವುದರಿಂದ ವಸಂತ ಅಥವಾ ಶರತ್ಕಾಲ ಇದಕ್ಕೆ ಸೂಕ್ತ. ಆಗ ತುಂಬಿದ್ದು ಚಳಿಗಾಲದಲ್ಲಿ ಅತಿಯಾಗಿ ಎಳೆಯಲ್ಪಡುವುದಿಲ್ಲ, ಬೇಸಿಗೆಯಲ್ಲಿ ಉಕ್ಕಿ ಹೊರಬರುವುದೂ ಇಲ್ಲ.

ಮೂರನೆಯದು ಮೇಲ್ಲೇಪನ. ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಬಳಿಯುವ ಈ ತೆಳು ಪದರ ಬಿಸಿಲು, ನೀರು, ಎಣ್ಣೆಗಳಿಗೆ ತಡೆ. ನೆಲ ಒಣಗಿದ್ದು, ತಾಪ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದಾಗ ಮಾತ್ರ ಇದು ಸರಿಯಾಗಿ ಕೂರುತ್ತದೆ. ಇದು ಬಲ ಕೊಡುವ ಪದರವಲ್ಲ ಎಂಬುದನ್ನು ನೆನಪಿಡಬೇಕು. ರಸ್ತೆಯಲ್ಲಿ ಮೊಸಳೆಯ ಚರ್ಮದಂತೆ ಬಿರುಕುಗಳ ಜಾಲ ಕಂಡರೆ ಸಾಮಾನ್ಯವಾಗಿ ತಳಪಾಯವೇ ಸೋತಿರುತ್ತದೆ. ಅಲ್ಲಿ ಲೇಪನ ಬಳಿದರೆ ಕಪ್ಪು ಬಣ್ಣ ಬಂದೀತೇ ಹೊರತು ಗುಣವಾಗದು. ಆ ಭಾಗವನ್ನು ಅಗೆದು, ತಳವನ್ನು ಸರಿಪಡಿಸಿ ಮತ್ತೆ ಹಾಕಬೇಕು.

ಲೇಪನದ ಆಯ್ಕೆಯಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಎಲ್ಲವನ್ನೂ ಡಾಂಬರು ಎನ್ನುತ್ತೇವೆ. ಆದರೆ ಕಚ್ಚಾ ತೈಲದ ಬಿಟುಮೆನ್ ಬೇರೆ, ಕಲ್ಲಿದ್ದಲಿನಿಂದ ಬರುವ ಡಾಂಬರು ಬೇರೆ. ಎರಡನೆಯದರಿಂದ ಮಾಡಿದ ಲೇಪನದಲ್ಲಿ ಬಹುವಲಯ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳು ಮೊದಲನೆಯದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಎಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ತೋರಿಸಿದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಲೇಪನ ಸವೆದಾಗ ಧೂಳು ಮನೆಯೊಳಕ್ಕೂ ಮಳೆನೀರಿನೊಡನೆ ತೊರೆಗಳಿಗೂ ಸೇರುತ್ತದೆ. ಟೆಕ್ಸಾಸಿನ ಆಸ್ಟಿನ್ ನಗರ ಇದನ್ನು ನಿಷೇಧಿಸಿತು. ನಿಷೇಧ 2006ರಲ್ಲಿ ಜಾರಿಗೆ ಬಂತು. 2011ರಲ್ಲಿ ವಾಷಿಂಗ್ಟನ್ ರಾಜ್ಯವೂ ನಿಷೇಧದ ಕಾನೂನು ಮಾಡಿತು. ಲೇಪನ ಬಳಿಸುವ ಮುನ್ನ ಅದು ಯಾವುದರಿಂದ ಮಾಡಿದ್ದೆಂದು ಕೇಳುವುದು ಪ್ರತಿ ಸಂಘದ ಕರ್ತವ್ಯ.

ಹಣದ ಗಣಿತ

ಆರೈಕೆ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಹೊಸ ಪದರ ಹಾಸಲೇಬೇಕು. 100 ಮನೆಗಳ ಒಂದು ಸಂಘವನ್ನು ಊಹಿಸಿಕೊಳ್ಳಿ. 20 ವರ್ಷದ ನಂತರ ಈ ಕೆಲಸಕ್ಕೆ 3,00,000 ಡಾಲರ್ ಬೇಕೆಂದಿಟ್ಟುಕೊಳ್ಳೋಣ. ಮೊದಲಿನಿಂದಲೇ ಕೂಡಿಟ್ಟರೆ ಪ್ರತಿ ಮನೆಯ ಪಾಲು ತಿಂಗಳಿಗೆ 12.50 ಡಾಲರ್ ಮಾತ್ರ. ಕೂಡಿಡದಿದ್ದರೆ ಪ್ರತಿ ಮನೆಯವರೂ ಒಮ್ಮೆಲೇ 3,000 ಡಾಲರ್ ತೆರಬೇಕು. ನಿವೃತ್ತ ದಂಪತಿಗಳಿಗೆ, ಆಗತಾನೇ ಸಾಲ ಮಾಡಿ ಮನೆ ಕೊಂಡವರಿಗೆ ಇದು ಸಣ್ಣ ಹೊಡೆತವಲ್ಲ. ಆದ್ದರಿಂದಲೇ ಕ್ಯಾಲಿಫೋರ್ನಿಯದ ಕಾನೂನು ಇಂತಹ ಸಂಘಗಳು ಕನಿಷ್ಠ ಮೂರು ವರ್ಷಕ್ಕೊಮ್ಮೆ ತಮ್ಮ ಸಾಮೂಹಿಕ ಸ್ವತ್ತನ್ನು ಕಣ್ಣಾರೆ ಪರಿಶೀಲಿಸಿ, ಉಳಿದ ಆಯುಷ್ಯ ಮತ್ತು ಬೇಕಾಗುವ ಹಣವನ್ನು ಅಂದಾಜು ಮಾಡಬೇಕೆಂದು ವಿಧಿಸುತ್ತದೆ.

ಶಾಲೆಯಲ್ಲೂ ಇದನ್ನು ಪಾಠವಾಗಿಸಬಹುದು. ಶಾಲೆಯ ಮುಂದಿನ ರಸ್ತೆಯ ಬಿರುಕುಗಳ ನಕ್ಷೆಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ವಿದ್ಯಾರ್ಥಿಗಳಿಂದ ಬರೆಸಿ, ನೀರು ನಿಲ್ಲುವ ಜಾಗಗಳೊಡನೆ ಹೋಲಿಸಿ. ಹೊಸ ಗುಂಡಿಗಳು ಎಲ್ಲಿ ಹುಟ್ಟಿವೆ ಎಂಬುದನ್ನು ನೋಡಿದಾಗ, ರಸ್ತೆಯ ಆಯುಷ್ಯಕ್ಕೂ ನೀರಿಗೂ ಇರುವ ಸಂಬಂಧವನ್ನು ಅವರು ತಾವಾಗಿಯೇ ಪರೀಕ್ಷಿಸಬಲ್ಲರು.