ಕಡಲಿಗೆ ಬೆನ್ನು ಮಾಡಿ ನಿಂತರೆ

ಕುಂಭಾಶಿಯ ಆನೆಗುಡ್ಡೆಯಲ್ಲಿ ವಿನಾಯಕನ ದರ್ಶನ ಮುಗಿಸಿದವರಲ್ಲಿ ಹಲವರು ಸಂಜೆ ಸೂರ್ಯಾಸ್ತ ನೋಡಲು ಕಡಲ ಕಡೆ ಹೊರಡುತ್ತಾರೆ. ಹಕ್ಕಿಯ ಚಿತ್ರ ತೆಗೆಯುವವರು ಮಾತ್ರ ಕಡಲಿಗೆ ಬೆನ್ನು ಮಾಡಿ ನಿಲ್ಲಬೇಕು. ಪಡುವಣದಿಂದ ಓರೆಯಾಗಿ ಬೀಳುವ ಬಿಸಿಲು ಬೈಲಿನಂಚಿನ ಹಾಡಿಯ ಮರಗಳನ್ನು ಬುಡದವರೆಗೂ ಬೆಳಗುವುದು ಆಗಲೇ. ನಡು ಮಧ್ಯಾಹ್ನ ಎಲೆಯ ನೆರಳಿನಲ್ಲಿ ಕಾಣದ ಪುಟ್ಟ ಹಕ್ಕಿಗಳು ಈ ಹೊತ್ತಿಗೆ ಕಣ್ಣಿಗೆ ಬೀಳುತ್ತವೆ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇವುಗಳಲ್ಲಿ ಹಲವು ವಲಸೆ ಬಂದವು. ತಂತಿಯ ಮೇಲೆ ಸಾಲುಗಟ್ಟಿ ಕೂರುವ ಅಂಬರಗುಬ್ಬಿ, ಮರದ ತುದಿಯ ಬೂದು ಕಾಜಾಣ, ಹೊನ್ನಕ್ಕಿ, ತರಗೆಲೆ ಕೆದಕುವ ನವರಂಗ. ಪೊದೆಯೊಳಗಿಂದ ‘ಚೆಕ್ ಚೆಕ್’ ಎನ್ನುವ ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಉಲಿಯಕ್ಕಿ ಮೊಟ್ಟೆಯಿಡುವುದು ಫಿನ್ಲೆಂಡಿನಿಂದ ಸೈಬೀರಿಯಾವರೆಗಿನ ನಾಡುಗಳಲ್ಲಿ. ಚಳಿಗಾಲಕ್ಕೆ ಆ ಜಾತಿಯ ಹೆಚ್ಚುಕಡಿಮೆ ಎಲ್ಲ ಹಕ್ಕಿಗಳೂ ಭಾರತ ಉಪಖಂಡಕ್ಕೇ ಬರುತ್ತವೆ.

ಮಾವು, ಗೇರು ಮರಗಳ ಎಲೆಗಳ ನಡುವೆ ಹುಳು ಹುಡುಕುವ ಗ್ರೀನಿಷ್ ವಾರ್ಬ್ಲರ್ ಇನ್ನೂ ಚಿಕ್ಕದು. ಅದರ ತೂಕ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು, ಏಳೆಂಟು ಗ್ರಾಂ.

ಒಂದು ಎಲೆಯ ಮೇಲೆ ಎರಡು ಸೆಕೆಂಡೂ ನಿಲ್ಲದ ಈ ಹಕ್ಕಿಗೆ 400 ಮಿ.ಮೀ. ಲೆನ್ಸ್ ಬೇಕು, ಶಟರ್ ವೇಗ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಾದರೆ ಚಿತ್ರ ಕಲಸಿಹೋಗುವುದೇ ಹೆಚ್ಚು. ಬೆಳಕು ಇಳಿದಂತೆ ಐಎಸ್‌ಒ ಏರಿಸಬೇಕು, ಚಿತ್ರದಲ್ಲಿ ಕಾಳುಕಾಳು ಕಂಡರೂ ಸರಿ. ಇನ್ನೊಂದು ತೊಡಕು ಬಣ್ಣದ್ದು. ಕಾಕಸಸ್ ಸೀಮೆಯಿಂದ ಬರುವ ಗ್ರೀನ್ ವಾರ್ಬ್ಲರ್ ಕೂಡ ಚಳಿಗಾಲ ಕಳೆಯುವುದು ಪಶ್ಚಿಮ ಘಟ್ಟದ ಆಸುಪಾಸಿನಲ್ಲಿ. ಅದು ಗ್ರೀನಿಷ್ ವಾರ್ಬ್ಲರ್‌ನ ಪಡಿಯಚ್ಚು. ಮುಖ ಮತ್ತು ಎದೆಯ ಹಳದಿ ಮಾತ್ರ ತುಸು ಹೆಚ್ಚು. ಸಂಜೆಯ ಹೊಂಬಿಸಿಲು ಎರಡಕ್ಕೂ ಹಳದಿ ಬಳಿಯುತ್ತದೆ! ಅದಕ್ಕಾಗಿ ಬಿಸಿಲು ಕೆಂಪೇರುವ ಮೊದಲೇ ಒಂದೆರಡು ಚಿತ್ರ ತೆಗೆದು, ಹಕ್ಕಿಯ ಕೂಗನ್ನು ಫೋನಿನಲ್ಲಿ ದಾಖಲಿಸಿಕೊಳ್ಳುವುದು ಒಳ್ಳೆಯದು.

ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಕೆಲವೇ ನಿಮಿಷಕ್ಕೆ ಸೂರ್ಯ ಮುಳುಗುತ್ತಾನೆ, ಕ್ಯಾಮೆರಾ ಚೀಲ ಸೇರುತ್ತದೆ. ವಲಸೆಯ ದಿನಗಳಲ್ಲಿ ಹಾಡುಹಕ್ಕಿಗಳ ದೊಡ್ಡ ಕೆಲಸ ಶುರುವಾಗುವುದು ಅದೇ ಹೊತ್ತಿಗೆ. ಇವುಗಳಲ್ಲಿ ಹೆಚ್ಚಿನವು ಹಾರುವುದು ರಾತ್ರಿ. ಕತ್ತಲ ತಂಪಿನಲ್ಲಿ ಮೈಯ ನೀರು ಆರುವುದು ಕಡಿಮೆ, ಗಾಳಿ ಶಾಂತ, ಗಿಡುಗಗಳ ಕಾಟವಿಲ್ಲ. ಹಗಲೆಲ್ಲ ಮೇವಿಗೆ ಉಳಿಯುತ್ತದೆ.

ಕತ್ತಲಲ್ಲಿ ದಿಕ್ಕು ತಿಳಿಯುವುದು ಹೇಗೆ? ಅಮೆರಿಕದ ಸ್ಟೀಫನ್ ಎಮ್ಲೆನ್ ಇಂಡಿಗೋ ಬಂಟಿಂಗ್ ಮರಿಗಳನ್ನು ತಾರಾಲಯದ ಕೃತಕ ಆಕಾಶದ ಕೆಳಗೆ ಬೆಳೆಸಿದರು. ಆ ಆಕಾಶ ಧ್ರುವ ನಕ್ಷತ್ರದ ಬದಲು, ನಮ್ಮ ರೈತರು ಆರಿದ್ರಾ ಎನ್ನುವ ನಕ್ಷತ್ರದ ಸುತ್ತ ತಿರುಗುತ್ತಿತ್ತು. ವಲಸೆಯ ಕಾಲ ಬಂದಾಗ ಮರಿಗಳು ಆರಿದ್ರೆಯನ್ನೇ ಉತ್ತರವೆಂದು ಎಣಿಸಿ ಅದಕ್ಕೆ ವಿರುದ್ಧ ದಿಕ್ಕಿಗೆ ಹೊರಳಿದವು. ಆಕಾಶದ ಯಾವ ಬಿಂದು ಅಲುಗದೆ ನಿಂತಿದೆ ಎಂಬುದನ್ನು ಅವು ನೋಡಿಯೇ ಕಲಿಯುತ್ತವೆ ಎಂದು ಇದು ತೋರಿಸಿಕೊಟ್ಟಿತು. ಈ ಪ್ರಯೋಗದ ವಿವರ 1970ರಲ್ಲಿ ಪ್ರಕಟವಾಯಿತು.

ಹಕ್ಕಿಗೆ ಭೂಮಿಯ ಕಾಂತಕ್ಷೇತ್ರವೂ ತಿಳಿಯುತ್ತದೆ. ಆ ಒಳಗಿನ ದಿಕ್ಸೂಚಿಯನ್ನು ಸರಿಹೊಂದಿಸುವುದು ಮುಸ್ಸಂಜೆ. 2004ರಲ್ಲಿ ಕಾಕ್ರನ್, ಮೌರಿಟ್ಸನ್, ವಿಕೆಲ್ಸ್ಕಿ ಎಂಬ ವಿಜ್ಞಾನಿಗಳು ಉತ್ತರಕ್ಕೆ ಹೊರಟಿದ್ದ ಥ್ರಷ್ ಹಕ್ಕಿಗಳನ್ನು ಹಿಡಿದು, ಸೂರ್ಯ ಮುಳುಗುವ ಹೊತ್ತಿನಲ್ಲಿ ಪೂರ್ವಕ್ಕೆ ತಿರುಗಿಸಿದ ಕೃತಕ ಕಾಂತಕ್ಷೇತ್ರದಲ್ಲಿಟ್ಟು, ಬೆನ್ನಿಗೆ ರೇಡಿಯೊ ಕಟ್ಟಿ ಬಿಟ್ಟರು. ಆ ರಾತ್ರಿ ಅವು ಪಶ್ಚಿಮಕ್ಕೆ ಹಾರಿದವು. ಮುಂದಿನ ರಾತ್ರಿಗಳಲ್ಲಿ, ಸಹಜ ಮುಸ್ಸಂಜೆಯನ್ನು ಕಂಡ ಮೇಲೆ, ಮತ್ತೆ ಉತ್ತರದ ದಾರಿ ಹಿಡಿದವು. ಪ್ರತಿ ಸಂಜೆಯ ಪಡುವಣ ಬೆಳಕನ್ನು ನೋಡಿ ಅವು ತಮ್ಮ ದಿಕ್ಸೂಚಿಯನ್ನು ತಿದ್ದಿಕೊಳ್ಳುತ್ತಿದ್ದವು.

ಏಪ್ರಿಲಿನಲ್ಲಿ ಕರಾವಳಿಯ ಹಾಡಿಗಳಿಂದ ಉಲಿಯಕ್ಕಿಗಳು ಹೊರಡುತ್ತವೆ. ಅದಕ್ಕೆ ಮೊದಲು ಅವು ಹುಳು ತಿಂದು ಮೈಯಲ್ಲಿ ಕೊಬ್ಬು ಕೂಡಿಸಬೇಕು. ಆ ಕೊಬ್ಬೇ ದಾರಿಯ ಬುತ್ತಿ. ರೆಕಾರ್ಡ್ ಮಾಡಿದ ಕೂಗು ಕೇಳಿಸಿ ಹಕ್ಕಿಯನ್ನು ಹೊರಗೆಳೆದರೆ, ಮಬ್ಬಿನಲ್ಲಿ ಫ್ಲ್ಯಾಶ್ ಹೊಡೆದು ಬೆದರಿಸಿದರೆ, ಅದರ ಮೇವಿನ ಹೊತ್ತು ಅಷ್ಟು ಹಾಳು. ರಾತ್ರಿಯಿಡೀ ಉರಿಯುವ ಪ್ರಖರ ದೀಪಗಳು ಹಾರುವ ಹಕ್ಕಿಗಳ ದಾರಿ ತಪ್ಪಿಸುತ್ತವೆ. ದಣಿದ ನವರಂಗ ಮನೆಯೊಳಗೆ ಬಂದು ಬೀಳುವುದೂ ಉಂಟು.

ತೆಗೆದ ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ಅಳಿಸಬೇಡಿ. ಜಾತಿ ಗುರುತು ಹಿಡಿಯುವಂತಿದ್ದರೆ ದಿನಾಂಕ, ಊರು, ಹೊತ್ತು ಬರೆದು, 2002ರಿಂದ ಹಕ್ಕಿ ನೋಡುವವರ ದಾಖಲೆ ಸಂಗ್ರಹಿಸುತ್ತಿರುವ ಇಬರ್ಡ್‌ಗೆ ಸೇರಿಸಿ. ಕುಂಭಾಶಿಗೆ ಈ ವರ್ಷ ಉಲಿಯಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಅಲ್ಲಿ ಸಂಜೆ ನಡೆಯುವವರೇ ಬರೆದಿಡಬೇಕು.