ನೂರು ಡಾಲರ್ ಸಂಬಳದ ಶಾಸಕರು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯವೊಂದಿದೆ. ಜನಸಂಖ್ಯೆ ಸುಮಾರು 14 ಲಕ್ಷ. ಆದರೆ ಅದರ ಶಾಸನಸಭೆಯ ಕೆಳಮನೆಯಲ್ಲಿ ಕೂರುವ ಸದಸ್ಯರು ಬರೋಬ್ಬರಿ 400 ಮಂದಿ! ಅಮೆರಿಕದ ಐವತ್ತು ರಾಜ್ಯಗಳಲ್ಲಿ ಇಷ್ಟು ದೊಡ್ಡ ಕೆಳಮನೆ ಇನ್ನೊಂದಿಲ್ಲ. ಅಲ್ಲಿ ಸರಾಸರಿ 3,400 ಜನಕ್ಕೆ ಒಬ್ಬ ಪ್ರತಿನಿಧಿ. ಅಳತೆಗೆಂದು ಹೇಳುವುದಾದರೆ, 2011ರ ಜನಗಣತಿಯ ಪ್ರಕಾರ ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ ಎರಡೂಮುಕ್ಕಾಲು ಲಕ್ಷದಷ್ಟು ಜನ.

ಈ ಮನೆಗೆ ಸ್ಪರ್ಧಿಸಲು ಅಭ್ಯರ್ಥಿ ಕಟ್ಟಬೇಕಾದ ಶುಲ್ಕ ಕೇವಲ 2 ಡಾಲರ್. ಗೆದ್ದು ಬಂದರೆ ಸಿಗುವ ಸಂಬಳ ವರ್ಷಕ್ಕೆ 100 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. 1889ರಲ್ಲಿ ರಾಜ್ಯದ ಸಂವಿಧಾನದಲ್ಲೇ ಸೇರಿಹೋದ ಈ ಮೊತ್ತ ಇಂದಿಗೂ ಬದಲಾಗಿಲ್ಲ. ಓಡಾಟದ ಖರ್ಚು ಪ್ರತ್ಯೇಕವಾಗಿ ಸಿಗುತ್ತದೆ, ಅಷ್ಟೆ. ಹೀಗಾಗಿ ಶಾಸಕಗಿರಿಯನ್ನು ಜೀವನೋಪಾಯ ಮಾಡಿಕೊಳ್ಳುವ ಮಾತೇ ಅಲ್ಲಿಲ್ಲ. ರೈತ, ಅಂಗಡಿಯವ, ನಿವೃತ್ತ ಉಪಾಧ್ಯಾಯಿನಿ, ಕಾಲೇಜು ವಿದ್ಯಾರ್ಥಿ ಮೊದಲಾದವರು ತಮ್ಮ ತಮ್ಮ ಕೆಲಸದ ನಡುವೆ ರಾಜಧಾನಿ ಕಾಂಕರ್ಡ್‌ಗೆ ಬಂದು ಕಾನೂನು ಮಾಡಿ ಹೋಗುತ್ತಾರೆ.

ಈ ಜಿಪುಣತನದ ಹಿಂದೆ ಒಂದು ರಾಜಕೀಯ ತತ್ವವಿದೆ. ಅದೇ ‘ಮಿತ ಸರ್ಕಾರ’ದ ತತ್ವ. ಸರ್ಕಾರ ಅನಿವಾರ್ಯ, ಆದರೆ ಅದರ ಕೈಗಳು ಎಲ್ಲಿಯವರೆಗೆ ಚಾಚಬಹುದೆಂಬುದಕ್ಕೆ ಗೆರೆ ಇರಬೇಕು ಎನ್ನುವ ವಾದ ಅದು. ಅಮೆರಿಕದಲ್ಲಿ ಶಾಸನಸಭೆಗೆ ನಿಲ್ಲುವ ಸಾವಿರಾರು ಅಭ್ಯರ್ಥಿಗಳು ಈ ಮಾತನ್ನು ತಮ್ಮ ಕರಪತ್ರದ ಮೊದಲ ಸಾಲಿನಲ್ಲೇ ಅಚ್ಚು ಹಾಕಿಸುತ್ತಾರೆ. ಆದರೆ ಆ ಮಾತು ರಾಜ್ಯದ ರಚನೆಯಲ್ಲಿ, ತೆರಿಗೆಯಲ್ಲಿ, ಊರಿನ ಶಾಲೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ನ್ಯೂ ಹ್ಯಾಂಪ್‌ಶೈರ್‌ಗಿಂತ ಒಳ್ಳೆಯ ಪಾಠಶಾಲೆ ಬೇರೆಯಿಲ್ಲ.

ಗೆರೆ ಎಳೆದವರು

ಸರ್ಕಾರವೇ ಪ್ರಜೆಗಳಿಗೆ ಹಕ್ಕುಗಳನ್ನು ದಯಪಾಲಿಸುವುದಿಲ್ಲ; ಹಕ್ಕುಗಳು ಮನುಷ್ಯನಿಗೆ ಹುಟ್ಟಿನಿಂದಲೇ ಬಂದವು, ಅವುಗಳನ್ನು ಕಾಪಾಡಲೆಂದು ಜನ ಸರ್ಕಾರವನ್ನು ಕಟ್ಟಿಕೊಂಡರು ಎಂಬ ವಿಚಾರವನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಬೆಳೆಸಿದ. ಅಮೆರಿಕದ ವಸಾಹತುಗಳು ಬ್ರಿಟಿಷ್ ದೊರೆಯ ವಿರುದ್ಧ ಎದ್ದಾಗ ಈ ವಿಚಾರವೇ ಅವುಗಳ ಆಯುಧವಾಯಿತು. 1776ರ ಜುಲೈನಲ್ಲಿ ಸ್ವಾತಂತ್ರ್ಯ ಘೋಷಣೆಯಾಗುವುದಕ್ಕೂ ಆರು ತಿಂಗಳು ಮೊದಲೇ, ಆ ವರ್ಷದ ಜನವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್ ತನ್ನದೇ ಸಂವಿಧಾನವನ್ನು ಬರೆದುಕೊಂಡಿತು. ಹಾಗೆ ಮಾಡಿದ ಮೊದಲ ವಸಾಹತು ಅದು.

1784ರಲ್ಲಿ ಜಾರಿಗೆ ಬಂದ ಎರಡನೆಯ ಸಂವಿಧಾನವೇ, ಹಲವು ತಿದ್ದುಪಡಿಗಳೊಂದಿಗೆ, ಇಂದಿಗೂ ನಡೆಯುತ್ತಿದೆ. ಅದರ ಹಕ್ಕುಗಳ ಪಟ್ಟಿಯ ಹತ್ತನೆಯ ವಿಧಿ ಕುತೂಹಲಕಾರಿಯಾದುದು. ಸರ್ಕಾರ ತನ್ನ ಉದ್ದೇಶವನ್ನೇ ಮರೆತು, ಜನರ ಸ್ವಾತಂತ್ರ್ಯಕ್ಕೆ ಸಂಚಕಾರ ತಂದು, ಬೇರೆಲ್ಲ ಪರಿಹಾರಗಳೂ ನಿಷ್ಫಲವಾದರೆ ಹಳೆಯ ಸರ್ಕಾರವನ್ನು ಕಿತ್ತು ಹೊಸದನ್ನು ಕಟ್ಟುವ ಹಕ್ಕು ಜನರಿಗುಂಟು ಎಂದು ಅದು ಹೇಳುತ್ತದೆ. ದಂಗೆಯ ಹಕ್ಕನ್ನು ಸಂವಿಧಾನವೇ ಒಪ್ಪಿಕೊಂಡ ವಿರಳ ಉದಾಹರಣೆಗಳಲ್ಲಿ ಇದೊಂದು.

ರಾಜ್ಯದ ಆಡಳಿತದ ಚೌಕಟ್ಟಿನಲ್ಲೂ ಇದೇ ಅನುಮಾನ ಕೆಲಸ ಮಾಡಿದೆ. ಅಲ್ಲಿನ ರಾಜ್ಯಪಾಲರು ಜನರಿಂದ ಆಯ್ಕೆಯಾಗುವ ಆಡಳಿತ ಮುಖ್ಯಸ್ಥರು. ಅಧಿಕಾರಾವಧಿ ಎರಡೇ ವರ್ಷ. ಅವರ ಪಕ್ಕದಲ್ಲಿ ಜನರೇ ಆರಿಸಿದ ಐವರ ‘ಕಾರ್ಯಕಾರಿ ಮಂಡಳಿ’ ಇದೆ. ದೊಡ್ಡ ಗುತ್ತಿಗೆ, ಮುಖ್ಯ ನೇಮಕ ಯಾವುದಕ್ಕೂ ಆ ಮಂಡಳಿಯ ಒಪ್ಪಿಗೆ ಬೇಕು. ಮೇಲ್ಮನೆಗೆ 24 ಸದಸ್ಯರು. ಸದಸ್ಯರು ತರುವ ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಯಾವ ನಾಗರಿಕನಾದರೂ ಎದ್ದು ನಿಂತು ತನ್ನ ಮಾತು ಹೇಳಬಹುದು. ಅಧಿಕಾರ ಯಾರೊಬ್ಬರ ಕೈಯಲ್ಲೂ ಗಟ್ಟಿಯಾಗಿ ನಿಲ್ಲದಂತೆ ಹರಡಿಹಾಕಿದ ವ್ಯವಸ್ಥೆ ಇದು.

ಪ್ರತಿಜ್ಞೆಯ ರಾಜಕೀಯ

‘ಸ್ವತಂತ್ರವಾಗಿ ಬಾಳು, ಇಲ್ಲವೇ ಸಾಯಿ’ ಎಂಬುದು ರಾಜ್ಯದ ಧ್ಯೇಯವಾಕ್ಯ. ಸ್ವಾತಂತ್ರ್ಯ ಸಮರದ ಸೇನಾನಿ ಜಾನ್ ಸ್ಟಾರ್ಕ್ 1809ರಲ್ಲಿ ಬರೆದ ಪತ್ರವೊಂದರಿಂದ ಬಂದ ಇದನ್ನು ರಾಜ್ಯ 1945ರಲ್ಲಿ ಅಂಗೀಕರಿಸಿತು. ಮುಂದೆ ಇದನ್ನು ಕಾರುಗಳ ನಂಬರ್ ಫಲಕದ ಮೇಲೂ ಹಾಕಲಾಯಿತು. ಜಾರ್ಜ್ ಮೇನಾರ್ಡ್ ಎಂಬಾತ ಇದು ತನ್ನ ಧಾರ್ಮಿಕ ನಂಬಿಕೆಗೆ ವಿರುದ್ಧವೆಂದು ಆ ಸಾಲನ್ನು ಮುಚ್ಚಿಬಿಟ್ಟ. ಸ್ವಾತಂತ್ರ್ಯವನ್ನು ಸಾರುವ ವಾಕ್ಯವನ್ನು ಮುಚ್ಚಿದ್ದಕ್ಕಾಗಿ ಸರ್ಕಾರ ಅವನಿಗೆ ದಂಡ ಹಾಕಿ ಜೈಲಿಗೂ ಕಳಿಸಿತು! 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇನಾರ್ಡ್ ಪರ ನಿಂತಿತು. ಸರ್ಕಾರದ ಘೋಷಣೆಯನ್ನು ಹೊತ್ತು ತಿರುಗುವಂತೆ ನಾಗರಿಕನನ್ನು ಬಲವಂತಪಡಿಸುವಂತಿಲ್ಲ ಎಂದಿತು. ಮಿತ ಸರ್ಕಾರದ ಗೆರೆ ಎಲ್ಲಿದೆ ಎಂಬುದನ್ನು ಆ ಘೋಷಣೆಗಿಂತ ಈ ತೀರ್ಪು ಸ್ಪಷ್ಟವಾಗಿ ತೋರಿಸಿತೆನ್ನಬಹುದು.

ಆದರೂ ಚುನಾವಣೆಯಲ್ಲಿ ತತ್ವಕ್ಕಿಂತ ಹೆಚ್ಚು ಕೇಳಿಬರುವ ಮಾತು ತೆರಿಗೆಯದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಬಳದ ಮೇಲೆ ರಾಜ್ಯದ ವರಮಾನ ತೆರಿಗೆಯಿಲ್ಲ. ಸಾಮಾನ್ಯ ಮಾರಾಟ ತೆರಿಗೆಯೂ ಇಲ್ಲ. ಬಡ್ಡಿ ಮತ್ತು ಲಾಭಾಂಶದ ಮೇಲೆ ಇದ್ದ ತೆರಿಗೆ ಕೂಡ 2025ರ ಆರಂಭಕ್ಕೆ ರದ್ದಾಯಿತು. 1972ರಲ್ಲಿ ಮೆಲ್ಡ್ರಿಮ್ ಥಾಮ್ಸನ್ ಎಂಬವರು ಇಂಥ ವ್ಯಾಪಕ ತೆರಿಗೆಗಳನ್ನು ಎಂದಿಗೂ ಒಪ್ಪುವುದಿಲ್ಲವೆಂಬ ಹಠದ ಮೇಲೆ, ತಮ್ಮದೇ ಪಕ್ಷದ ಹಾಲಿ ರಾಜ್ಯಪಾಲರನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ ಅಧಿಕಾರಕ್ಕೆ ಬಂದರು. ಮ್ಯಾಂಚೆಸ್ಟರ್ ಪಟ್ಟಣದ ಪ್ರಭಾವಿ ಪತ್ರಿಕೆಯ ಒಡೆಯ ವಿಲಿಯಂ ಲೋಬ್ ಅವರ ಬೆನ್ನಿಗೆ ನಿಂತಿದ್ದರು. ಅಂದಿನಿಂದ ‘ಪ್ರತಿಜ್ಞೆ’ ಎಂದರೆ ಆ ರಾಜ್ಯದಲ್ಲಿ ಅರ್ಥ ಒಂದೇ: ವರಮಾನ ತೆರಿಗೆ ಬೇಡ, ಮಾರಾಟ ತೆರಿಗೆ ಬೇಡ. ಎರಡೂ ಪಕ್ಷಗಳ ಅಭ್ಯರ್ಥಿಗಳು ಈ ಪ್ರತಿಜ್ಞೆ ಮಾಡಿದ್ದಾರೆ. ಮಾಡದವರು ಅದರ ಬೆಲೆ ತೆತ್ತಿದ್ದಾರೆ.

ಹಾಗಾದರೆ ಸರ್ಕಾರಕ್ಕೆ ಹಣ ಎಲ್ಲಿಂದ? ವ್ಯಾಪಾರ ಸಂಸ್ಥೆಗಳ ಲಾಭದ ಮೇಲೆ ತೆರಿಗೆಯಿದೆ. ಹೋಟೆಲ್ ಊಟ-ವಸತಿಯ ಮೇಲೆ ತೆರಿಗೆಯಿದೆ. 1964ರಲ್ಲಿ ಆಧುನಿಕ ಅಮೆರಿಕದ ಮೊದಲ ಸರ್ಕಾರಿ ಲಾಟರಿಯನ್ನು ಆರಂಭಿಸಿದ್ದು ಇದೇ ರಾಜ್ಯ. ಮದ್ಯದ ಅಂಗಡಿಗಳನ್ನಂತೂ ಸರ್ಕಾರವೇ ನಡೆಸುತ್ತದೆ; ನೆರೆ ರಾಜ್ಯದವರಿಗೆ ಅನುಕೂಲವಾಗಲೆಂದು ಹೆದ್ದಾರಿಯ ಪಕ್ಕದಲ್ಲೇ ಅವು ಇವೆ. ಸರ್ಕಾರ ವ್ಯಾಪಾರಕ್ಕೆ ಕೈ ಹಾಕಬಾರದು ಎನ್ನುವ ನಾಡಿನಲ್ಲಿ ಸರ್ಕಾರವೇ ಲಾಟರಿ ಮತ್ತು ಮದ್ಯದ ವ್ಯಾಪಾರಿ! ಉಳಿದ ಭಾರವೆಲ್ಲ ಬೀಳುವುದು ಊರಿನ ಆಸ್ತಿ ತೆರಿಗೆಯ ಮೇಲೆ.

ಕರಪತ್ರದಲ್ಲೇನಿದೆ?

2001ರಲ್ಲಿ ಜೇಸನ್ ಸೊರೆನ್ಸ್ ಎಂಬ ಸಂಶೋಧನ ವಿದ್ಯಾರ್ಥಿ ಒಂದು ಲೇಖನ ಬರೆದರು. ಮಿತ ಸರ್ಕಾರವನ್ನು ನಂಬುವವರು ದೇಶದ ತುಂಬ ಚದುರಿದ್ದಾರೆ, ಆದ್ದರಿಂದ ಎಲ್ಲೂ ಗೆಲ್ಲುವುದಿಲ್ಲ. ಇಪ್ಪತ್ತು ಸಾವಿರ ಮಂದಿ ಒಂದೇ ಸಣ್ಣ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿಯ ರಾಜಕೀಯವನ್ನೇ ಬದಲಿಸಬಹುದು ಎಂಬುದು ಅವರ ವಾದ. ಇದೇ ‘ಫ್ರೀ ಸ್ಟೇಟ್ ಪ್ರಾಜೆಕ್ಟ್’. 2003ರಲ್ಲಿ ಸದಸ್ಯರು ಮತ ಹಾಕಿ ನ್ಯೂ ಹ್ಯಾಂಪ್‌ಶೈರನ್ನು ಆರಿಸಿದರು. ವಲಸೆ ಬರುವುದಾಗಿ ಮಾತು ಕೊಟ್ಟವರ ಸಂಖ್ಯೆ 2016ರ ಫೆಬ್ರವರಿಯಲ್ಲಿ ಇಪ್ಪತ್ತು ಸಾವಿರ ಮುಟ್ಟಿತು. ಮಾತು ಕೊಟ್ಟವರೆಲ್ಲ ಬರಲಿಲ್ಲ. ಆದರೆ ಬಂದವರಲ್ಲಿ ಹಲವರು ಎರಡು ಡಾಲರ್ ಕಟ್ಟಿ ಚುನಾವಣೆಗೆ ನಿಂತರು, ಗೆದ್ದರು, ಕೆಲವರು ಸದನದ ನಾಯಕತ್ವದವರೆಗೂ ಏರಿದರು. ಸಣ್ಣ ಕ್ಷೇತ್ರಗಳ ದೊಡ್ಡ ಸದನ ಅವರಿಗೆ ತೆರೆದ ಬಾಗಿಲಾಯಿತು.

ಇಂಥ ಅಭ್ಯರ್ಥಿಯ ಕರಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಆದ್ಯತೆಗಳು ಇವು: ಹೊಸ ತೆರಿಗೆ ಬೇಡ, ಇರುವ ಖರ್ಚು ಇಳಿಯಲಿ; ಮಗು ಎಲ್ಲಿ ಓದಬೇಕೆಂಬುದನ್ನು ತಂದೆತಾಯಿ ನಿರ್ಧರಿಸಲಿ, ಸರ್ಕಾರದ ಹಣ ಮಗುವಿನ ಹಿಂದೆ ಹೋಗಲಿ; ಕಸುಬುಗಳಿಗೆ ಪರವಾನಗಿಯ ಕಟ್ಟುಪಾಡು ಸಡಿಲವಾಗಲಿ; ಮನೆ ಕಟ್ಟಲು ಅಡ್ಡಬರುವ ನಿಯಮಗಳು ಕಡಿಮೆಯಾಗಲಿ; ಬಂದೂಕಿನ ಹಕ್ಕಿಗೆ ಕೈ ಹಾಕುವುದು ಬೇಡ. ವಯಸ್ಕರು ಕಾರಿನಲ್ಲಿ ಸೀಟ್ ಬೆಲ್ಟ್ ಕಟ್ಟಲೇಬೇಕೆಂಬ ಕಾನೂನಿಲ್ಲದ ಏಕೈಕ ಅಮೆರಿಕನ್ ರಾಜ್ಯ ಇದೇ. ಬೆಲ್ಟ್ ಒಳ್ಳೆಯದೇ, ಆದರೆ ಅದನ್ನು ಕಟ್ಟಿಸುವುದು ಪೊಲೀಸರ ಕೆಲಸವಲ್ಲ ಎಂಬುದು ಅವರ ನಿಲುವು.

ಇದನ್ನು ಕೇವಲ ಬಲಪಂಥದ ಪಟ್ಟಿಯೆಂದು ತಿಳಿದರೆ ತಪ್ಪಾದೀತು. 2009ರಲ್ಲಿ ಆ ರಾಜ್ಯ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತ್ತು. 2012ರಲ್ಲಿ ರಿಪಬ್ಲಿಕನ್ನರ ಭಾರೀ ಬಹುಮತವಿದ್ದ ಸದನದಲ್ಲಿ ಅದನ್ನು ರದ್ದುಪಡಿಸುವ ಮಸೂದೆ ಬಂದಾಗ 211–116 ಮತಗಳಿಂದ ಬಿದ್ದುಹೋಯಿತು. ಯಾರು ಯಾರನ್ನು ಮದುವೆಯಾಗಬೇಕೆಂಬುದು ಸರ್ಕಾರದ ವಿಷಯವಲ್ಲ ಎಂದು ಆಳುವ ಪಕ್ಷದವರೇ ಅನೇಕರು ಎದುರು ಮತ ಹಾಕಿದ್ದರು. 2019ರಲ್ಲಿ ರಾಜ್ಯಪಾಲರ ನಿಷೇಧಾಧಿಕಾರವನ್ನೂ ಮೀರಿ ಮರಣದಂಡನೆ ರದ್ದಾಯಿತು. ರಸ್ತೆ ದುರಸ್ತಿಗೇ ನಂಬಲಾಗದ ಸರ್ಕಾರಕ್ಕೆ ಪ್ರಾಣ ತೆಗೆಯುವ ಅಧಿಕಾರವನ್ನು ಹೇಗೆ ಒಪ್ಪಿಸುವುದು ಎಂಬ ತರ್ಕಕ್ಕೆ ಎಡ-ಬಲದ ಭೇದವಿಲ್ಲ.

ಕ್ರಾಯ್ಡನ್ ಊರಿನ ಶಾಲೆ

ಈ ತತ್ವದ ನಿಜವಾದ ಪರೀಕ್ಷೆ ನಡೆಯುವುದು ಶಾಲೆಯಲ್ಲಿ. ಮಕ್ಕಳ ವಿದ್ಯಾಭ್ಯಾಸದ ಹೆಚ್ಚಿನ ಹಣ ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರಬೇಕು. ಸರೋವರದ ದಂಡೆಯಲ್ಲಿ ಶ್ರೀಮಂತರ ಬಂಗಲೆಗಳಿರುವ ಊರು ಕಡಿಮೆ ದರದ ತೆರಿಗೆಯಲ್ಲೇ ಒಳ್ಳೆಯ ಶಾಲೆ ನಡೆಸಬಲ್ಲದು. ಕಾರ್ಖಾನೆ ಮುಚ್ಚಿಹೋದ ಊರು ಹೆಚ್ಚು ದರ ಹಾಕಿಯೂ ಕಡಿಮೆ ಹಣ ಕೂಡಿಸುತ್ತದೆ. ಕ್ಲೇರ್‌ಮಾಂಟ್ ಮೊದಲಾದ ಐದು ಬಡ ಊರುಗಳ ಶಾಲಾ ಜಿಲ್ಲೆಗಳು ಕೋರ್ಟಿಗೆ ಹೋದವು. ತಕ್ಕಷ್ಟು ಶಿಕ್ಷಣ ಒದಗಿಸುವುದು ರಾಜ್ಯದ ಹೊಣೆ ಎಂದು 1993ರಲ್ಲೂ, ಊರಿಗೊಂದು ದರದ ಆಸ್ತಿ ತೆರಿಗೆಯಿಂದ ಆ ಹೊಣೆಯನ್ನು ತೀರಿಸುವ ಪದ್ಧತಿ ಸಂವಿಧಾನಬಾಹಿರ ಎಂದು 1997ರಲ್ಲೂ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪ್ರತಿಜ್ಞೆ ಒಂದೆಡೆ, ತೀರ್ಪು ಇನ್ನೊಂದೆಡೆ. ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

2022ರಲ್ಲಿ ಕ್ರಾಯ್ಡನ್ ಎಂಬ ಊರಿನಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತು. ಎಂಟುನೂರರಷ್ಟು ಜನರ ಊರು ಅದು. ಚಿಕ್ಕ ಮಕ್ಕಳಿಗೊಂದು ಸಣ್ಣ ಶಾಲೆ. ದೊಡ್ಡ ಮಕ್ಕಳು ಹೊರ ಊರಿಗೆ ಹೋಗುತ್ತಾರೆ, ಶುಲ್ಕವನ್ನು ಊರು ಕಟ್ಟುತ್ತದೆ. ಆ ಸೀಮೆಯಲ್ಲಿ ಊರಿನ ಬಜೆಟ್ಟನ್ನು ಅಧಿಕಾರಿಗಳು ತೀರ್ಮಾನಿಸುವುದಿಲ್ಲ. ವರ್ಷಕ್ಕೊಮ್ಮೆ ಊರಿನ ಮತದಾರರೇ ಸಭೆ ಸೇರಿ ಮತ ಹಾಕುತ್ತಾರೆ. ಮಾರ್ಚ್ ತಿಂಗಳ ಆ ಸಭೆಗೆ ಬಂದವರು ಕೆಲವೇ ಮಂದಿ. ಶಾಲೆಗೆ 17 ಲಕ್ಷ ಡಾಲರ್ ಬೇಕೆಂಬ ಪ್ರಸ್ತಾವ ಮುಂದಿತ್ತು. ಮಿತ ಸರ್ಕಾರದ ಪಕ್ಷಪಾತಿಯೊಬ್ಬರು ಎದ್ದು, ಅದನ್ನು 8 ಲಕ್ಷಕ್ಕೆ ಇಳಿಸಬೇಕೆಂದು ತಿದ್ದುಪಡಿ ತಂದರು. ಪರ 20, ವಿರೋಧ 14. ತಿದ್ದುಪಡಿ ಗೆದ್ದಿತು, ಬಜೆಟ್ ಅರ್ಧಕ್ಕಿಂತ ಕೆಳಗಿಳಿಯಿತು.

ಸುದ್ದಿ ತಿಳಿದ ಊರು ಬೆಚ್ಚಿಬಿದ್ದಿತು. ಸಭೆಗೆ ಹೋಗದೆ ಮನೆಯಲ್ಲಿದ್ದವರಿಗೆ ತಮ್ಮ ಗೈರುಹಾಜರಿಯ ಬೆಲೆ ಗೊತ್ತಾಯಿತು. ಹೊರ ಊರಿನ ಶಾಲೆಗೆ ಕಳಿಸುವವರು ಕೊರತೆಯ ಹಣವನ್ನು ಕೈಯಿಂದ ತುಂಬಬೇಕು. ಊರಿನ ಶಾಲೆಯ ಬದಲು ಖಾಸಗಿ ಸಂಸ್ಥೆಯೊಂದರ ಸಣ್ಣ ಕಲಿಕಾ ಗುಂಪು, ಕಂಪ್ಯೂಟರ್ ಪಾಠ ಎಂಬ ಮಾತುಗಳು ಬಂದವು. ನಿರ್ಧಾರವನ್ನು ಬದಲಿಸಲು ಕಾನೂನಿನಲ್ಲಿ ಒಂದು ದಾರಿಯೇನೋ ಇತ್ತು: ವಿಶೇಷ ಸಭೆ ಕರೆಯಬಹುದು, ಆದರೆ ಊರಿನ ನೋಂದಾಯಿತ ಮತದಾರರಲ್ಲಿ ಅರ್ಧದಷ್ಟಾದರೂ ಬಂದು ಮತ ಹಾಕಬೇಕು. ಅಂದರೆ ಸುಮಾರು 280 ಮಂದಿ. ಮಾರ್ಚ್‌ನಲ್ಲಿ ಮತ ಹಾಕಿದ್ದವರು 34. ಬಾರದೆ ಉಳಿದರೆ ಸಾಕು, ಅದೇ ಕಡಿತದ ಪರ ಮತ ಹಾಕಿದಂತೆ.

ನೆರೆಹೊರೆಯವರು ಮನೆಮನೆ ಹತ್ತಿಳಿದರು. ಫೋನು ಮಾಡಿದರು. ಪಕ್ಷ ಯಾವುದೆಂದು ಯಾರೂ ಕೇಳಲಿಲ್ಲ. ಮೇ 7ರಂದು ನಡೆದ ಸಭೆಯಲ್ಲಿ 379 ಮಂದಿ ಮತ ಹಾಕಿದರು. ಹಳೆಯ ಬಜೆಟ್ಟನ್ನು ಮರಳಿಸುವುದರ ಪರ 377, ವಿರೋಧ 2.

ಯಾರು ಗೆದ್ದರು?

ಈ ಫಲಿತಾಂಶವನ್ನು ಮಿತ ಸರ್ಕಾರದ ಸೋಲೆಂದು ಹಲವರು ಬಣ್ಣಿಸಿದರು. ಆದರೆ ಸ್ವಲ್ಪ ಯೋಚಿಸಿದರೆ ಇನ್ನೊಂದು ಮುಖ ಕಾಣುತ್ತದೆ. ಬಜೆಟ್ಟನ್ನು ಕಡಿತ ಮಾಡಿದ್ದೂ ಊರಿನ ಸಭೆಯೇ, ಮರಳಿಸಿದ್ದೂ ಅದೇ ಸಭೆ. ರಾಜಧಾನಿಯಿಂದ ಯಾವ ಆಜ್ಞೆಯೂ ಬರಲಿಲ್ಲ. ಯಾವ ಅಧಿಕಾರಿಯೂ ಬಂದು ಶಾಲೆಯನ್ನು ಉಳಿಸಲಿಲ್ಲ. ಮಿತ ಸರ್ಕಾರದ ತತ್ವ ಬಯಸುವುದೂ ಇಂಥ ಸ್ವಯಮಾಡಳಿತವನ್ನೇ.

ಆ ತತ್ವದ ಕರಪತ್ರಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವ ಒಂದು ಮಾತನ್ನು ಮಾತ್ರ ಕ್ರಾಯ್ಡನ್ ಎತ್ತಿ ಹೇಳಿತು. ಸರ್ಕಾರ ಬಿಟ್ಟುಕೊಟ್ಟ ಕೆಲಸ ತಾನಾಗಿ ನಡೆಯುವುದಿಲ್ಲ. ಅದು ನಾಗರಿಕನ ಹೆಗಲಿಗೆ ಬರುತ್ತದೆ. ವರ್ಷಕ್ಕೆ ನೂರು ಡಾಲರಿಗೆ ಶಾಸಕರಾಗಿ ದುಡಿಯಲು ಎಲ್ಲರಿಗೂ ಸಾಧ್ಯವಿಲ್ಲ. ಪಿಂಚಣಿಯೋ ಬಿಡುವೋ ಇರುವವರಿಗಷ್ಟೇ ಅದು ಸುಲಭ. ಕೂಲಿ ತಪ್ಪಿಸಿಕೊಂಡು ಊರಿನ ಸಭೆಗೆ ಬರುವುದೂ ಅಷ್ಟೇ. ಬರಲಾಗದವರ ಪರವಾಗಿ ನಿರ್ಧರಿಸುವವರು ಬಂದವರು, ಅವರು 34 ಮಂದಿಯೇ ಇದ್ದರೂ ಸರಿ. ಸರ್ಕಾರದ ಗಾತ್ರವನ್ನು ಇಳಿಸಬೇಕೆನ್ನುವ ಅಭ್ಯರ್ಥಿಯನ್ನು ಮತದಾರ ಕೇಳಬೇಕಾದ ಪ್ರಶ್ನೆ ಒಂದಿದೆ: ಇಳಿಸಿದ ಹೊರೆಯನ್ನು ಹೊರುವವರು ಯಾರು, ಅವರಿಗೆ ಅದಕ್ಕೆ ಬಿಡುವುಂಟೆ? ಕ್ರಾಯ್ಡನ್ನಿನ ಮಕ್ಕಳ ಅದೃಷ್ಟ, ಆ ಮೇ ತಿಂಗಳಲ್ಲಿ ಊರಿನವರು ಬಿಡುವು ಮಾಡಿಕೊಂಡರು.