ಬಳಪ ಹಿಡಿದ ಪುಟ್ಟ ಕೈಗಳು

ಬೇಲೂರು, ಹಳೇಬೀಡುಗಳ ಗುಡಿಗಳನ್ನು ನೋಡಿ ಬೆರಗಾಗದವರುಂಟೆ? ಆ ಶಿಲ್ಪಗಳ ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವುದು ಅದರ ಗುಣ. ಅದೇ ಜಾತಿಯ ಕಲ್ಲಿನ ಕಡ್ಡಿಯನ್ನು ಹಿಡಿದೇ ನಮ್ಮ ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದು. ಎಳೆಯ ಮನಸ್ಸೂ ಹಾಗೆಯೇ ಮೃದು. ತಿದ್ದುವುದಕ್ಕೆ ಅದಕ್ಕೂ ಒಂದು ಕಾಲವುಂಟು.

ಆ ಕಾಲದಲ್ಲಿಯೇ ಬಾಗಿಲು ಮುಚ್ಚಿದರೆ?

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಪಿಡುಗಿನಿಂದ ನಡೆದುದು ಇದೇ. ಅರಸೀಕೆರೆ ಜಂಕ್ಷನ್ನಿನಲ್ಲಿ ಪ್ರಯಾಣಿಕರ ಗಾಡಿಗಳು ನಿಂತವು. ಅಂಗನವಾಡಿ, ಶಿಶುವಿಹಾರಗಳಿಗೆ ಬೀಗ ಬಿದ್ದಿತು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಜೂನ್ ತಿಂಗಳಿನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. ಜುಲೈ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ನೀಡಿತು. ಮೊಬೈಲಿದ್ದ ಮನೆಗಳಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ಕುಳಿತು ಟೀಚರ ಮುಖ ನೋಡಿತು. ಇಲ್ಲದ ಮನೆಗಳಲ್ಲಿ ಅದೂ ಇಲ್ಲ.

2021ರ ನವೆಂಬರ್ 8ರಂದು ರಾಜ್ಯದಲ್ಲಿ ಅಂಗನವಾಡಿಗಳೂ ಎಲ್‌ಕೆಜಿ, ಯುಕೆಜಿಗಳೂ ಮತ್ತೆ ತೆರೆದವು. ಬೀಗ ಬಿದ್ದಾಗ ಎರಡು ವರ್ಷದ್ದಾಗಿದ್ದ ಕೂಸಿಗೆ ಆಗ ಮೂರೂವರೆ ದಾಟಿತ್ತು. ತನ್ನ ಓರಗೆಯ ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕಂಡುದೇ ಅದಕ್ಕೆ ಮೊದಲು! ಅತ್ತರೆ ಆಶ್ಚರ್ಯವೇನು? ಸರದಿ ಕಾಯುವುದು, ಚೆಂಡನ್ನು ಇನ್ನೊಬ್ಬರಿಗೆ ಕೊಡುವುದು, ಬಚ್ಚಲಿಗೆ ಹೋಗಬೇಕೆಂದು ತಾಯಿಯಲ್ಲದವರಿಗೆ ಹೇಳುವುದು—ಇವನ್ನು ಯಾವ ಮೊಬೈಲು ಕಲಿಸೀತು?

ದೊಡ್ಡ ಮಕ್ಕಳ ಪಾಡೂ ಇದಕ್ಕಿಂತ ಲೇಸಾಗಿರಲಿಲ್ಲ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2ರಿಂದ 6ನೆಯ ತರಗತಿಯ ನೂರು ಮಕ್ಕಳಲ್ಲಿ 92 ಮಂದಿ ಹಿಂದೆ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತಿದ್ದರು. 2022–23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನೇ ಹೂಡಬೇಕಾಯಿತು.

ಆದರೆ ಪುಟ್ಟ ಮಗುವಿಗೆ ಮೊದಲು ಬೇಕಾದುದು ಅಕ್ಷರವಲ್ಲ, ಧೈರ್ಯ. ಮೊದಲ ಕೆಲವು ದಿನ ಅರ್ಧ ಹೊತ್ತು ಸಾಕು. ತಾಯಿ ಕಣ್ತಪ್ಪಿಸಿ ಓಡಿಹೋಗದೆ, "ಊಟದ ಹೊತ್ತಿಗೆ ಬರುತ್ತೇನೆ, ಕಂದಾ" ಎಂದು ಹೇಳಿ, ಹೇಳಿದ ಹೊತ್ತಿಗೇ ಬರಬೇಕು. ಹಾಡು, ಮಣ್ಣಿನಾಟ, ಹುಣಿಸೆಬೀಜಗಳನ್ನು ಎಣಿಸಿ ಜೋಡಿಸುವುದು—ಇವುಗಳಿಂದ ಬೆರಳು ಪಳಗಿದ ಮೇಲೆ ಬಳಪ ತಾನಾಗಿ ನಿಲ್ಲುತ್ತದೆ. "ಪಕ್ಕದ ಮನೆಯ ಹುಡುಗ ಆಗಲೇ ಬರೆಯುತ್ತಾನೆ" ಎಂಬ ಮಾತೊಂದು ಮನೆಯಲ್ಲಿ ಕೇಳದಿರಲಿ.

ಆ ಮಕ್ಕಳು ಇಂದು ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಇನ್ನೂ ಓದಲು ತಡವರಿಸುವವರು, ಮಾತಿಗೆ ಅಂಜುವವರು ಅವರಲ್ಲಿದ್ದರೆ ಗದರಬೇಡಿ. ಕಲ್ಲು ಒಮ್ಮೆ ಗಟ್ಟಿಯಾದರೆ ಗಟ್ಟಿಯೇ. ಮಗು ಹಾಗಲ್ಲ, ಅಕ್ಕರೆಗೆ ಮತ್ತೆ ಮೆದುವಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವನ ಗುಡಿಗೆ ಮುಂದಿನ ತಲೆಮಾರುಗಳೂ ಕೈಗೂಡಿಸಿದವು. ಒಂದು ಮಗುವಿಗಾಗಿ ನಾವು ಒಂದೆರಡು ವರ್ಷ ಕಾಯಲಾರೆವೆ?